ಛತ್ರದ ಲಿಫ್ಟಿಗೆ ಹಾಕಿದ ಬೆಲ್ಟು

ಗಲೀಜಿಗೆ ಹೇಸುವ ಹೆಂಗಸು ನಾನಲ್ಲ. ಡೆಂಕಣಿಕೋಟೆ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದವಳು. ಕೊಟ್ಟಿಗೆ ಬಾಚಿದ್ದೇನೆ, ಗಂಜಲ ಬಳಿದು ಹಾಕಿದ್ದೇನೆ. ಮಕ್ಕಳ ವಾಂತಿಯನ್ನು ಸೆರಗಿನಲ್ಲೇ ಹಿಡಿದಿದ್ದೇನೆ. ಅತ್ತೆ ಹಾಸಿಗೆ ಹಿಡಿದಾಗ ಅವರ ಬೆನ್ನಿನ ಹುಣ್ಣು ತೊಳೆದು, ಕೈಗೆ ಸೋಪು ಹಾಕಿಕೊಂಡು, ಅದೇ ಕೈಯಲ್ಲಿ ಮುದ್ದೆ ಕಟ್ಟಿ ಉಂಡಿದ್ದೇನೆ. ಮೈಯ ಗಲೀಜಿಗೂ ದನಕರುಗಳ ಗಲೀಜಿಗೂ ಒಂದು ನ್ಯಾಯವಿದೆ, ತೊಳೆದರೆ ಹೋಗುತ್ತವೆ. ಆದರೆ ಹೋದ ಶ್ರಾವಣದಲ್ಲಿ ಕೃಷ್ಣಗಿರಿಯ ಒಂದು ಮದುವೆ ಛತ್ರದಿಂದ, ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಬಾಳೆನಾರು ಕಟ್ಟಿ ಕಳಿಸಿದ್ದ ಒಂದು ಮೊಳದ ಬೆಲ್ಟಿನ ತುಂಡನ್ನು ಬಿಚ್ಚಿದ ದಿನ ಮಾತ್ರ ನಾನು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸ್ ತಂದೆ.

ನನ್ನ ಕೆಲಸ ಹೊಸೂರಿನ ಒಂದು ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ. ಲಿಫ್ಟನ್ನು ಎತ್ತಿ ಇಳಿಸುವ ಬೆಲ್ಟು ಮಾಡುತ್ತೇವೆ ಎಂದರೆ ನೆಂಟರಲ್ಲಿ ಅರ್ಧ ಜನಕ್ಕೆ ಸೊಂಟದ ಬೆಲ್ಟೇ ಕಣ್ಣಿಗೆ ಕಟ್ಟುತ್ತದೆ. ಮಾಮೂಲಿ ಲಿಫ್ಟುಗಳು ಉಕ್ಕಿನ ಹಗ್ಗದ ಮೇಲೆ ನೇತಾಡುತ್ತವೆ. ಆ ಹಗ್ಗದ ಬದಲಿಗೆ ನಮ್ಮದು ಚಪ್ಪಟೆ ಪಟ್ಟಿ. ಕೂದಲಿಗಿಂತ ತೆಳುವಾದ ಕಾರ್ಬನ್ ಎಳೆಗಳನ್ನು ಸಾವಿರಗಟ್ಟಲೆ ಸೇರಿಸಿ ಹುರಿ ಮಾಡಬೇಕು, ಆ ಹುರಿಗಳನ್ನು ಚಾಪೆಯ ಕಡ್ಡಿಗಳಂತೆ ಪಕ್ಕಪಕ್ಕದಲ್ಲಿ ಮಲಗಿಸಬೇಕು, ಸುತ್ತಲೂ ರಬ್ಬರಿನಂಥ ಹೊದಿಕೆ ಬಿಗಿಯಬೇಕು. ಒಳಗಿನ ಹುರಿ ಭಾರ ಹೊರುತ್ತದೆ. ಹೊರಗಿನ ಹೊದಿಕೆ ಮೇಲೆ ತಿರುಗುವ ಪುಲ್ಲಿಯನ್ನು ಕಚ್ಚಿಕೊಳ್ಳುತ್ತದೆ. ಹುರಿ ಆನೆಯನ್ನೇ ಹೊರಲಿ, ಹೊದಿಕೆ ಜಾರಿತೆಂದರೆ ಲಿಫ್ಟು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಎಷ್ಟು ಹುರಿ, ಎಷ್ಟು ದಪ್ಪದ ಹೊದಿಕೆ, ಅದು ಎಷ್ಟು ಸಲ ಬಾಗಿದರೆ ಬಿರುಕು ಬಿಡುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ದಿನದ ಅಡುಗೆ. ಹಗುರ, ತುಕ್ಕು ಹಿಡಿಯುವುದಿಲ್ಲ, ಗ್ರೀಸ್ ಬೇಡ. ಒಂದೇ ತೊಂದರೆ. ಉಕ್ಕಿನ ಹಗ್ಗ ಸವೆದರೆ ತಂತಿ ಮುರಿದು ಮುಳ್ಳಿನಂತೆ ಹೊರಗೆ ಕಾಣುತ್ತದೆ. ಬೆಲ್ಟು ಒಳಗಿನ ಕಾಯಿಲೆಯನ್ನು ತೋರಿಸುವುದಿಲ್ಲ.

ಆ ಛತ್ರಕ್ಕೆ ನಮ್ಮ ಬೆಲ್ಟು ಹೋದದ್ದೇ ಮುಖ ನೋಡಿ. ಛತ್ರದ ಯಜಮಾನನಿಗೆ ಮಾವಿನ ತಿರುಳು ಡಬ್ಬಿಗೆ ತುಂಬುವ ಕಾರ್ಖಾನೆಯೂ ಇದೆ, ನಮ್ಮ ಕಂಪನಿಯ ದೊಡ್ಡವರೊಬ್ಬರಿಗೆ ಆತ ಬೇಕಾದವನು. ಕೆಳಗೆ ಅಡುಗೆಮನೆ, ಮೊದಲ ಮಹಡಿಯಲ್ಲಿ ಮಂಟಪ, ಎರಡನೆಯದರಲ್ಲಿ ಊಟದ ಹಾಲು. ಅನ್ನ ಸಾರು ಮೇಲಕ್ಕೆ ಸಾಗಿಸುವ ಸಾಮಾನಿನ ಲಿಫ್ಟಿಗೆ ಪರೀಕ್ಷೆಗೆಂದು ನಾಲ್ಕು ಬೆಲ್ಟು ಹಾಕಿದೆವು. ಜನ ಹತ್ತಬಾರದು ಎಂದು ಮೂರು ಭಾಷೆಯಲ್ಲಿ ಬೋರ್ಡು ಬರೆಸಿದೆವು. ಬೋರ್ಡಿನ ಮಾತನ್ನು ಕೇಳುವುದಕ್ಕೆ ಅಲ್ಲಿ ಯಾರಿದ್ದಾರೆ? ಕುದಿಯುವ ಸಾರಿನ ಕೊಳಗವನ್ನು ಒಂಟಿಯಾಗಿ ಕಳಿಸಿದರೆ ಅಲುಗಿ ಚೆಲ್ಲುತ್ತದೆಂದು ಬಡಿಸುವ ಹೆಂಗಸರಲ್ಲಿ ಒಬ್ಬಳು ಒಳಗೆ ಕೂತು, ಕೊಳಗದ ಕಿವಿಗೆ ಬಟ್ಟೆ ಸುತ್ತಿ ಹಿಡಿದುಕೊಂಡೇ ಹೋಗುತ್ತಿದ್ದಳು.

ಆ ಹೆಂಗಸರಲ್ಲಿ ನನ್ನ ಓರಗಿತ್ತಿಯೂ ಒಬ್ಬರು. ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಭಾವ ಕೃಷ್ಣಗಿರಿಯ ಮಂಡಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅಲ್ಲೇ ಇದ್ದಾರೆ, ಮುಹೂರ್ತದ ದಿನಗಳಲ್ಲಿ ಬಡಿಸಲು ಹೋಗುತ್ತಾರೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ.

ಬೆಲ್ಟಿನ ತುಂಡು ಬಂದ ಕಾರಣ, ಲಿಫ್ಟು ಜಾರುತ್ತಿದೆ ಎಂಬ ದೂರು. ನಮ್ಮ ಮೆಕ್ಯಾನಿಕ್ ನಾಲ್ಕರಲ್ಲಿ ಒಂದನ್ನು ಬದಲಿಸಿ, ಹಳೆಯದರ ಒಂದು ತುಂಡು ಕೊಟ್ಟು ಕಳಿಸಿದ್ದ. ಬಾಳೆನಾರು ಬಿಚ್ಚಿದೆ. ಪೇಪರು ಅಂಟಿಕೊಂಡಿತ್ತು. ಎಳೆದರೆ ಚರ್ಮ ಸುಲಿದಂತೆ ಬಂತು. ಬೆಲ್ಟಿನ ಮೇಲೆ ಬೆರಳಿನ ದಪ್ಪಕ್ಕೆ ಕಂದು ಬಣ್ಣದ ಲೋಳೆ, ಅದರ ಮೇಲೆ ಒಣಗಿ ಬಿರುಕು ಬಿಟ್ಟ ಹೊಪ್ಪಳೆ, ಹೊಪ್ಪಳೆಯ ಸಂದಿನಲ್ಲಿ ಜಿರಲೆಯ ಒಂದು ಕಾಲು. ವಾಸನೆ ಮೊದಲು ಮೂಗಿಗೆ ಬರಲಿಲ್ಲ, ಗಂಟಲಿಗೆ ಬಂತು. ಹುಳಿಯ ಜೊತೆ ಕಮಟು, ಕಮಟಿನ ಹಿಂದೆ ಇನ್ನೇನೋ ಸಿಹಿಸಿಹಿ. ಪಕ್ಕದ ಮೇಜಿನವರು ಎದ್ದು ಹೋದರು. ನಮ್ಮ ವಿಭಾಗದ ಮುಖ್ಯಸ್ಥರು ಸೇಲಂ ಕಡೆಯವರು, ಬಾಗಿಲಲ್ಲೇ ನಿಂತು ಮೂಗಿಗೆ ಕರ್ಚೀಫು ಒತ್ತಿದರು.

"ಅಯ್ಯೋ ಕಡವುಳೇ. ಏನು ಮ್ಯಾಡಮ್ ಇದು, ಹೆಣನಾ?"

"ನಮ್ಮ ಬೆಲ್ಟು ಸರ್."

"ತಿನ್ನರ್ ಹಾಕಿ ಒರೆಸ್ಬಿಡಿ. ಕ್ಲೀನಾದ್ಮೇಲೆ ಟೆಸ್ಟಿಗೆ ಹಾಕಿ."

"ಒರೆಸಿದ ಮೇಲೆ ಟೆಸ್ಟ್ ಮಾಡೋದಕ್ಕೆ ಏನು ಉಳಿಯುತ್ತೆ ಸರ್? ಜಾರಿರೋದು ಇದರಿಂದಲೇ."

"ರಿಪೋರ್ಟಲ್ಲಿ ಇದನ್ನೆಲ್ಲ ಬರೆಯೋಕಾಗುತ್ತಾ?" ಎಂದು ಅವರು ಕ್ಯಾಂಟೀನಿಗೆ ಹೋದರು.

ಹೊದಿಕೆಯೇ ಕೊಳೆತು ಕರಗಿರಬಹುದೆಂದು ನನಗೆ ಮೊದಲು ಭಯವಾಯಿತು. ಬಿಸಿ ಹಬೆಗೆ ಕೆಲವು ಹೊದಿಕೆಗಳು ಹಾಗೆ ಅಂಟಂಟಾಗುವುದುಂಟು. ಚಮಚದಲ್ಲಿ ಸ್ವಲ್ಪ ಕೆರೆದು ಬಿಸಿನೀರಿಗೆ ಹಾಕಿ ಕದಡಿದೆ. ಆಗ ಆ ಹುಳಿ ವಾಸನೆಯ ಗುರುತು ಸಿಕ್ಕಿತು. ಮೂರು ದಿನದ ಅಂಬಲಿ. ಮನೆಯಲ್ಲಿ ಹಸುವಿಗೆ ಹಾಕಲೆಂದು ಎತ್ತಿಟ್ಟು ಮರೆತ ಅಂಬಲಿಯ ಪಾತ್ರೆಯ ಮುಚ್ಚಳ ತೆಗೆದರೆ ಬರುವುದೇ ಇದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಅಯೋಡಿನ್ ತಂದು ಒಂದು ಹನಿ ಬಿಟ್ಟೆ. ನೀರು ಕಡುನೀಲಿಯಾಯಿತು. ಬೆಲ್ಟಿನ ಮೇಲೆ ಇದ್ದದ್ದು ಹಿಟ್ಟು. ಲಿಫ್ಟಿನ ಬೆಲ್ಟಿಗೆ ಹಿಟ್ಟು ಯಾವ ದಾರಿಯಲ್ಲಿ ಬಂತು ಎಂದು ನೋಡಲು ಮಾರನೆಯ ದಿನವೇ ಬಸ್ಸು ಹತ್ತಿದೆ.

ಶೂಳಗಿರಿ ದಾಟುವವರೆಗೂ ಆ ವಾಸನೆ ನನ್ನ ಉಗುರಿನಲ್ಲೇ ಇತ್ತು. ಛತ್ರ ತಲುಪಿದಾಗ ಅಂದಿನ ಸಂಜೆಯ ರಿಸೆಪ್ಷನ್ನಿಗೆ ತಯಾರಿ ನಡೆದಿತ್ತು. ಇಲ್ಲಿಯವರ ಆಷಾಢವಾದ ಆಡಿ ತಿಂಗಳು ಪೂರ್ತಿ ಮದುವೆಗಳಿಲ್ಲದೆ ಬೀಗ ಹಾಕಿದ್ದ ಛತ್ರ, ಈಗ ದಿನ ಬಿಟ್ಟು ದಿನ ಮುಹೂರ್ತ. ಹಿಂದಿನ ಬಾಗಿಲಿನಿಂದ ಹೋದರೆ ಅಡುಗೆಮನೆ. ಈರುಳ್ಳಿ ಸಿಪ್ಪೆಯ ಮೇಲೆ ನಡೆದುಕೊಂಡೇ ಒಳಗೆ ಹೋಗಬೇಕು. ಮೂಲೆಯಲ್ಲಿ ಲಿಫ್ಟು. ಅದರ ಹೊಸಿಲ ಸಂದಿಯಿಂದ ಒಬ್ಬಾಕೆ ನೆಲ ತೊಳೆದ ನೀರನ್ನು ಪೊರಕೆಯಲ್ಲಿ ಲಿಫ್ಟಿನ ಕೆಳಗಿನ ಗುಂಡಿಗೆ ತಳ್ಳುತ್ತಿದ್ದಳು. ನೀರಿನ ಜೊತೆ ಅನ್ನ, ಕರಿಬೇವು, ಎಂಜಲು ಎಲೆಯ ಚೂರು. ಬಗ್ಗಿ ನೋಡಿದೆ. ಕೆಳಗೆ ಗುಂಡಿಯಲ್ಲಿ ಬಿಳಿಯ ಕೆನೆ ಕಟ್ಟಿದ ನೀರು ಮೆಲ್ಲಗೆ ಗುಳುಗುಳು ಅನ್ನುತ್ತಿತ್ತು. ಇಂಥ ಗುಂಡಿಯ ಮೇಲೆ ನೇತುಹಾಕಿದ ಕೊಳಗದ ಪಾಯಸವನ್ನು ಜನ ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಾರೆ.

ಅಕ್ಕ ಬೀನ್ಸ್ ಹೆಚ್ಚುತ್ತಾ ಕೂತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ಬಾ ಅಮ್ಮಣ್ಣಿ. ಏನ್ ಫ್ಯಾಕ್ಟ್ರಿ ಬುಟ್ಟು ಇಲ್ಲಿಗ್ ಬಂದ್ಬುಟ್ಟೆ? ಕೂತ್ಕ, ಕಾಫಿ ಹಾಕಿಸ್ತೀನಿ."

"ಕಾಫಿ ಬೇಡಕ್ಕ. ಈ ಲಿಫ್ಟಿಗೆ ಹಿಟ್ಟು ಯಾರು ಹಾಕೋದು?"

ಅಕ್ಕ ಅಡುಗೆ ಮಾಸ್ಟರನ ಕಡೆ ನೋಡಿದರು. ಮಾಸ್ಟರ್ ರಾಯಕೋಟೆಯ ಕಡೆಯವನು, ದೊಡ್ಡ ಮೈ, ಹೆಗಲ ಮೇಲೊಂದು ಟವಲು. ಜಾಲರಿ ಸೌಟಿನಿಂದ ಹಪ್ಪಳ ತೆಗೆಯುತ್ತಲೇ ಕತೆ ಹೇಳಿದ, ಬಿಟ್ಟಲ್ಲೆಲ್ಲ ಅಕ್ಕ ಸೇರಿಸಿದರು.

"ವೈಶಾಖದಾಗೆ ಒಂದ್ ಮದ್ವೆ," ಎಂದ ಮಾಸ್ಟರ್. "ಗಂಡು ತಾಳಿ ಎತ್ತವ್ನೆ. ಐನೋರು ಗಟ್ಟಿಮೇಳ ಅಂದವ್ರೆ. ಓಲಗದೋರು ಕೆನ್ನೆ ಉಬ್ಬಿಸ್ಕಂಡು ಊದ್ತಾವ್ರೆ. ಆವಾಗ ನಿಮ್ ಲಿಫ್ಟು ಕೀಯ್ಯೋ ಅಂತು ನೋಡಿ."

"ಯಾರಾನ ಸೀನಿದ್ರೂ ಕೇಳ್ಬಾರ್ದು ಅಂತ ಗಟ್ಟಿಮೇಳ ಬಾರ್ಸೋದು," ಎಂದರು ಅಕ್ಕ. "ಇದು ಗಟ್ಟಿಮೇಳನೇ ನುಂಗ್ಬುಡ್ತು. ಹೆಂಗ್ಸು ಎದೆ ಬಡ್ಕಂಡು ಅತ್ತಂಗೆ. ಲಿಫ್ಟು ಹೋಗೋದೂ ಮಂಟಪದ್ ಬೆನ್ನಿಗೇ ಅಲ್ವಾ? ಹೆಣ್ಣಿನ ಅಜ್ಜಿ ಯಾರ್ ಸತ್ರು, ಯಾರ್ ಸತ್ರು ಅಂತ ಅಲ್ಲೇ ಕುಕ್ಕರಿಸ್ಬುಡ್ತು."

"ಓನರ್ ಬಂದು ನಮ್ಮಮ್ಮನ್ನ ಎತ್ತಿ ಬೈದ. ನಾನೇನ್ ಲಿಫ್ಟಾ?" ಎಂದ ಮಾಸ್ಟರ್.

ಜಿಡ್ಡಿಲ್ಲದ ಹೊಸ ಬೆಲ್ಟು ನುಣುಪಾದ ಪುಲ್ಲಿಯ ಮೇಲೆ ಕಿರುಗುಟ್ಟುವುದು ನಮಗೆ ಗೊತ್ತಿದ್ದ ವಿಷಯವೇ. ನಮ್ಮ ಕಾಗದಗಳಲ್ಲಿ ಅದಕ್ಕೆ 'ಸ್ವಲ್ಪ ಶಬ್ದ' ಎಂದು ಹೆಸರು. ತಾಳಿ ಕಟ್ಟುವ ಹೊತ್ತಿಗೆ ಬಂದರೆ ಅದರ ಹೆಸರು ಬೇರೆ.

"ಅದಕ್ಕೆ ಏನು ಮಾಡಿದ್ರಿ?" ಎಂದೆ.

"ಗಾಡಿ ಕೀಲು ಕಿರ್ರಂದ್ರೆ ಏನ್ ಮಾಡ್ತಾರೆ ಮೇಡಮ್ಮು? ಎಣ್ಣೆ ಬುಡ್ತಾರೆ. ಬುಟ್ಟೆ."

"ಯಾವ ಎಣ್ಣೆ?"

"ಹಪ್ಪಳ ಕರ್ದು ಮಿಕ್ಕಿದ್ದು. ಲಿಫ್ಟಿಗ್ಯಾಕೆ ಹೊಸ ಎಣ್ಣೆ?"

ಕಿರುಗುಟ್ಟುವುದು ನಿಂತಿತು, ಜಾರುವುದು ಶುರುವಾಯಿತು. ಮೇಲೆ ಹೋದ ಲಿಫ್ಟು ನೆಲಕ್ಕೆ ಸಮವಾಗಿ ನಿಲ್ಲದೆ ಗೇಣುದ್ದ ಕೆಳಗೆ ಇಳಿದು ನಿಲ್ಲತೊಡಗಿತು. ಕೈ ಜಿಡ್ಡಾದರೆ ಹಿಟ್ಟು ಉಜ್ಜಿಕೊಳ್ಳುವುದು ಅಡುಗೆಯವರ ರೂಢಿ. ಮಾಸ್ಟರ್ ಮಹಡಿ ಹತ್ತಿ ಪುಲ್ಲಿಗೂ ಬೆಲ್ಟಿಗೂ ರಾಗಿ ಹಿಟ್ಟು ಎರಚಿದ.

"ಬಲೇ ಕಚ್ಕಂತು," ಎಂದ ಹೆಮ್ಮೆಯಿಂದ. "ಆಮ್ಯಾಕೆ ತಿರ್ಗ ಕಿರ್ರಂತು. ತಿರ್ಗ ಎಣ್ಣೆ. ಈಗ ಅಳ್ತೆ ಕೈಗ್ ಬಂದೈತೆ. ಮದ್ವೆಗೊಂದ್ ಸೌಟು ಎಣ್ಣೆ, ಒಂದ್ ಹಿಡಿ ಹಿಟ್ಟು."

ನಾನು ಅವನನ್ನು ಬೈಯಲಿಲ್ಲ. ಅವನಿಗೆ ಗೊತ್ತಿದ್ದ ಎರಡು ಮದ್ದನ್ನು ಅವನು ಮಾಡಿದ್ದ. ನನಗೆ ಹೇಸಿಗೆಯಾದದ್ದು ನಮ್ಮ ಮೆಕ್ಯಾನಿಕ್ಕಿನ ನೆನಪಿಗೆ. ಪರೀಕ್ಷೆಯ ಲಿಫ್ಟೆಂದು ಅವನು ಆಗಾಗ ಇಲ್ಲಿಗೆ ಬರುತ್ತಿದ್ದ. ದೂರು ಏಳುವವರೆಗೂ, ಬಂದವನು ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು, ಬೀಡಾ ಹಾಕಿಕೊಂಡು, ಎಲ್ಲ ಸರಿಯಿದೆ ಎಂದು ಹೇಳಿ ಹೊಸೂರಿಗೆ ಹೊರಡುತ್ತಿದ್ದನಂತೆ. ಬೆರಳಿನ ದಪ್ಪದ ಲೋಳೆ ಕಣ್ಣಿಗೆ ಬೀಳದಿರಲು ಎಷ್ಟು ಉಂಡಿರಬೇಕು?

ಮೊದಲ ಮಹಡಿಗೆ ಹೋದೆ. ಲಿಫ್ಟನ್ನು ಕೆಳಗೇ ನಿಲ್ಲಿಸಿ ಅಲ್ಲಿನ ಬಾಗಿಲು ತೆಗೆದರೆ ಲಿಫ್ಟಿನ ಪೆಟ್ಟಿಗೆಯ ಚಾವಣಿ ಕಾಣುತ್ತದೆ. ಬಾಗಿಲು ತೆರೆದಿದ್ದರೆ ಲಿಫ್ಟು ಚಲಿಸಬಾರದು, ಅದಕ್ಕೊಂದು ಕೀಲಿ ಇರುತ್ತದೆ. ಬಾಗಿಲು ತೆರೆದಿದ್ದರೂ ಲಿಫ್ಟು ಓಡಲೆಂದು ಆ ಕೀಲಿಗೆ ಯಾರೋ ಸ್ಟೀಲಿನ ಚಮಚ ಸಿಗಿಸಿದ್ದರು. ಟಾರ್ಚು ಹಾಕಿದೆ. ಚಾವಣಿಯ ಮೇಲೆ, ಬೆಲ್ಟುಗಳು ಪೆಟ್ಟಿಗೆಯನ್ನು ಹಿಡಿದಿರುವ ಜಾಗದ ಬುಡದಲ್ಲಿ, ಬಾಡಿದ ಮಲ್ಲಿಗೆ ದಂಡೆ, ಎಲೆಯ ನಾರು, ಟಿಶ್ಯೂ ಕಾಗದ ಸೇರಿಸಿ ಕಟ್ಟಿದ ಒಂದು ಗೂಡು. ಗೂಡಿನಲ್ಲಿ ಕಣ್ಣು ಬಿಡದ ಇಲಿಮರಿಗಳು, ಕೂದಲಿಲ್ಲದ ಕೆಂಪು ಮೈ, ಒಂದರ ಮೇಲೊಂದು ಮಿಸುಕಾಡುತ್ತಿದ್ದವು. ಅವುಗಳ ಕೆಳಗಿನ ಹಾಸಿಗೆ ಕರಿಯ ಬಣ್ಣದ್ದು, ಮೆತ್ತಗೆ ಮಿನುಗುತ್ತಿತ್ತು. ಅದು ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಕಾರ್ಬನ್ ಎಳೆ.

ಆಡಿ ತಿಂಗಳು ಪೂರ್ತಿ ಲಿಫ್ಟು ನಿಂತಲ್ಲೇ ನಿಂತಿತ್ತು. ಬೆಲ್ಟಿನ ಮೇಲೆ ಎಣ್ಣೆ ಕಲಸಿದ ಹಿಟ್ಟು. ಇಲಿಗಳು ಹಿಟ್ಟು ತಿಂದವು, ಹಿಟ್ಟಿನ ರುಚಿ ಹತ್ತಿದ ಹೊದಿಕೆಯನ್ನೂ ತಿಂದವು, ಎಳೆಗಳನ್ನು ಕಿತ್ತು ಬಾಣಂತನಕ್ಕೆ ಹಾಸಿಕೊಂಡವು. ಹಳೆಯ ಮೂರು ಬೆಲ್ಟುಗಳಲ್ಲಿ ಎರಡರ ಅಂಚು ಮೆಕ್ಕೆಜೋಳದ ತೆನೆಯ ತುದಿಯ ಹಾಗೆ ಜೂಲುಜೂಲಾಗಿತ್ತು. ನಾಲ್ಕನೆಯದನ್ನು ಬದಲಿಸಿದ ಮೆಕ್ಯಾನಿಕ್ ಇದನ್ನು ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ಯಾವ ಹುರಿ ಎಲ್ಲಿ ಮಲಗಬೇಕು ಎಂದು ತಿಂಗಳುಗಟ್ಟಲೆ ಕೂತು ಗೆರೆ ಎಳೆದವಳು ನಾನು. ಮಂಟಪದ ಹಿಂದಿನ ವಾಶ್‌ಬೇಸಿನ್ನಿಗೆ ಹೋಗಿ ಉಗಿದು, ಮುಖ ತೊಳೆದು ಬಂದೆ.

ಯಜಮಾನ ಆಫೀಸಿನ ಕೋಣೆಯಲ್ಲಿ ಇಡ್ಲಿ ತಿನ್ನುತ್ತಿದ್ದ. ಲಿಫ್ಟು ಇವತ್ತು ನಡೆಸಬೇಡಿ ಎಂದೆ. ಇಲಿಗೂಡಿನ ವಿಷಯವನ್ನೂ ಹೇಳಿದೆ. ಅವನು ಚಟ್ನಿಯಲ್ಲಿ ಇಡ್ಲಿ ಅದ್ದುವುದನ್ನು ನಿಲ್ಲಿಸಲಿಲ್ಲ.

"ಇಲಿ ಎಲ್ಲಾ ಕಡೆ ಇರುತ್ತಮ್ಮಾ. ಗಣಪತಿ ವಾಹನ. ಸಾವಿರ ಎಲೆ ಇವತ್ತು, ಗೊತ್ತಾ? ಅಷ್ಟನ್ನೂ ನೀನು ಹೊರ್ತೀಯಾ?" ಎಂದು ಎಡಗೈಯಲ್ಲಿ ಫೋನು ಒತ್ತಿ ನಮ್ಮ ಮುಖ್ಯಸ್ಥರನ್ನು ಹಿಡಿದು, ಜಿಡ್ಡಾದ ಆ ಫೋನನ್ನು ನನಗೆ ಕೊಟ್ಟ.

"ಮ್ಯಾಡಮ್," ಎಂದರು ಮುಖ್ಯಸ್ಥರು, ದನಿ ತಗ್ಗಿಸಿ. "ಕಸ್ಟಮರ್ ಮುಂದೆ ಏನೂ ಮಾತಾಡಬೇಡಿ. ನಾಲ್ಕು ಬೆಲ್ಟ್ ಇದೆ. ಒಂದೊಂದೇ ಆ ಲಿಫ್ಟನ್ನ ಹೊರುತ್ತೆ. ನಿಮ್ಮ ಕ್ಯಾಲ್ಕುಲೇಶನ್ನೇ ಅಲ್ವಾ?"

"ಹೊರುತ್ತೆ ಸರ್. ಪುಲ್ಲಿಯನ್ನ ಹಿಡಿಯಲ್ಲ."

"ಒಂದು ಫಂಕ್ಷನ್ ತಾನೇ. ಮುಗೀಲಿ. ನಾಳೆ ಬೆಳಗ್ಗೆ ತೊಳಿಸಿಬಿಡೋಣ."

ನನ್ನ ಲೆಕ್ಕವನ್ನು ನನಗೇ ತಿರುಗಿಸಿ ಬಡಿಸಿದ್ದರು, ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ ಇಟ್ಟಂತೆ. ಲೆಕ್ಕ ಸುಳ್ಳಲ್ಲ. ಆದರೆ ಅದರಲ್ಲಿ ಹಪ್ಪಳದ ಎಣ್ಣೆ ಇರಲಿಲ್ಲ, ರಾಗಿ ಇರಲಿಲ್ಲ, ಇಲಿ ಇರಲಿಲ್ಲ, ಕೊಳಗ ಹಿಡಿದು ಕೂತ ಹೆಂಗಸೂ ಇರಲಿಲ್ಲ. ಕೆಳಗೆ ಬಂದು ಲಿಫ್ಟಿನ ಸ್ವಿಚ್ಚು ಇಳಿಸಿದೆ. ಮಾಸ್ಟರ್ ಬಂದು, "ಓನರ್ ಹೇಳ್ಲಿ, ಇಳಿಸ್ತೀನಿ," ಎಂದು ಏರಿಸಿದ. ಆಗಲೇ ಅನ್ನದ ಮೊದಲ ಪಾತ್ರೆ ಲಿಫ್ಟಿನೊಳಗೆ ಹೋಯಿತು. ಅಕ್ಕ ಸೆರಗು ಸಿಗಿಸಿಕೊಂಡು ಎದ್ದು ನಿಂತರು, ಸಾರಿನ ಸರದಿ ಅವರದು.

"ಅಕ್ಕ, ನೀವು ಹತ್ತಬೇಡಿ," ಎಂದೆ.

"ಯಾಕಮ್ಮಣ್ಣಿ? ನೀನ್ ಮಾಡಿರೋ ಬೆಲ್ಟೇ ಅಲ್ವಾ?"

"ಹೌದು."

"ಮತ್ತೆ? ಮದ್ಲು ಇವ್ರ್ಯಾರೂ ಹತ್ತಾಕಿಲ್ಲ ಅಂದಿದ್ರು. ಹಗ್ಗ ತಗ್ದು ಪಟ್ಟಿ ಹಾಕವ್ರೆ, ಕಿತ್ಕಂತದೆ ಅಂತ. ನಾನೇ ಹೇಳ್ದೆ, ನಮ್ಮನೆ ಹುಡ್ಗಿ ಮಾಡಿರೋದು, ಕಣ್ ಮುಚ್ಕಂಡ್ ಹತ್ರೇ ಅಂತ."

ಅದನ್ನು ಅವರು ಉಳಿದ ಹೆಂಗಸರಿಗೂ ಕೇಳಲೆಂದು ಗಟ್ಟಿಯಾಗಿ ಹೇಳಿದರು. ಅವರೆಲ್ಲ ನನ್ನನ್ನು ನೋಡಿ ನಕ್ಕರು, ಒಬ್ಬಾಕೆ ತಮಿಳಿನಲ್ಲಿ ಚೆನ್ನಾಗಿದ್ದೀಯಾ ಎಂದು ಕೇಳಿದಳು. ಲಿಫ್ಟಿನ ಗುಂಡಿ ನೋಡಿದಾಗ, ಇಲಿಮರಿ ನೋಡಿದಾಗ ಆಗದಿದ್ದಷ್ಟು ಅಸಹ್ಯ ಆಗ ಆಯಿತು. ಮೆಕ್ಯಾನಿಕ್ಕಿನ ಸುಳ್ಳು, ಮುಖ್ಯಸ್ಥರ ಕರ್ಚೀಫು, ಯಜಮಾನನ ಚಟ್ನಿ, ಎಲ್ಲವೂ ನನ್ನ ಹೆಸರಿನಲ್ಲಿ ಇವರ ಬಾಯಿಗೆ ಹೋಗುತ್ತಿತ್ತು.

ಅವರ ಕೈ ಹಿಡಿದು ಮೊದಲ ಮಹಡಿಗೆ ಕರೆದುಕೊಂಡು ಹೋದೆ. ಅನ್ನದ ಪಾತ್ರೆ ಇಳಿಸಿ ಲಿಫ್ಟು ಕೆಳಗೆ ಹೋಗುವವರೆಗೆ ಕಾದು, ಬಾಗಿಲು ತೆಗೆದು ಟಾರ್ಚು ಹಾಕಿದೆ. ಅಕ್ಕ ಬಗ್ಗಿ ನೋಡಿದರು. ಎಂಜಲು ಎತ್ತುವ ಕೈ ಅವರದು, ಇಲಿಗೂಡಿಗೆ ಮುಖ ಸಿಂಡರಿಸಲಿಲ್ಲ. ಜೂಲಾದ ಅಂಚನ್ನು ಮಾತ್ರ ಬಹಳ ಹೊತ್ತು ನೋಡಿದರು.

"ಇಷ್ಟ್ ತಿಂದ್ರೂ ತಡೀತದೆ ಅಂತ ನಿಮ್ ಸಾಹೇಬ್ರು ಅಂದ್ರಂತೆ? ಓನರ್ ಯೋಳುದ್ರು ಅಂತ ಮಾಸ್ಟರು ಅಂತಿದ್ದ."

"ತಡೀತದೆ ಅಕ್ಕ. ಕಿತ್ತು ಬೀಳಲ್ಲ. ಜಾರುತ್ತೆ. ಜಾರೋದು ಜೋರಾದ್ರೆ ಪೆಟ್ಟಿಗೆ ಕೆಳಗೆ ಒಂದು ಹಿಡಿ ಇದೆ, ಅದು ಪಕ್ಕದ ಕಂಬಿಯನ್ನ ಕಚ್ಚಿ ಗಕ್ಕನೆ ನಿಲ್ಲಿಸುತ್ತೆ. ನೀವು ಕೆಳಗೆ ಬೀಳಲ್ಲ. ಕೊಳಗ ಉರುಳುತ್ತೆ."

"ಕೊಳಗ ನನ್ ತೊಡೆ ಮುಂದೇ ಇರ್ತದಲ್ಲ."

"ಅದಕ್ಕೇ."

ಅಕ್ಕ ಬಾಗಿಲು ಮುಚ್ಚಿದರು. ಕೆಳಗಿಳಿದು, ಕೊಳಗದ ಒಂದು ಕಿವಿಗೆ ಬಟ್ಟೆ ಸುತ್ತಿದರು.

"ಯಾರೂ ಲಿಫ್ಟ್ ಹತ್ಬ್ಯಾಡ್ರೇ. ಮೆಟ್ಲ ಮ್ಯಾಲೆ ಹೋಗವ. ಬಕೇಟಿಗ್ ಬಗ್ಗಿಸ್ಕಳಿ."

"ನಿನ್ ತಂಗಿ ಮಾಡಿದ್ದು ಅಂತಿದ್ದೆ?" ಎಂದಳು ಒಬ್ಬಾಕೆ.

"ಊಂ ಕಣೆ. ಅವ್ಳೇ ಬ್ಯಾಡ ಅಂತಾವ್ಳೆ."

"ಹಂಗಾರೆ ಅವ್ಳೂ ಹೊರ್ಲಿ."

ಹೊತ್ತೆ. ಎರಡು ಮಹಡಿ, ಸಾರಿನ ಬಕೆಟ್ಟುಗಳು ಕೈಯಿಂದ ಕೈಗೆ ಹತ್ತಿದವು. ಮೆಟ್ಟಿಲ ತಿರುವಿನಲ್ಲಿ ನನ್ನನ್ನು ನಿಲ್ಲಿಸಿದ್ದರು. ಬಿಸಿ ಹಬೆ ಮುಖಕ್ಕೆ, ಸಾರಿನ ಹನಿ ಕಾಲಿಗೆ. ಅತ್ತರು ಹಾಕಿಕೊಂಡ ನೆಂಟರು, ದಾರಿ ಬಿಡಿ, ಸೀರೆಗೆ ತಾಗುತ್ತೆ ಎಂದು ಗೋಡೆಗೆ ಒತ್ತಿಕೊಂಡು ಹೋದರು. ನನ್ನ ಕೆಳಗಿನ ಮೆಟ್ಟಿಲಿನಾಕೆ ಇಡೀ ಸಂಜೆ ನನ್ನನ್ನು ಬೆಲ್ಟಮ್ಮ ಎಂದೇ ಕರೆದಳು. ಮಾಸ್ಟರ್ ಜನರಿಲ್ಲದ ಲಿಫ್ಟಿನಲ್ಲಿ ಅನ್ನವನ್ನೂ ಹಪ್ಪಳವನ್ನೂ ಮಾತ್ರ ಕಳಿಸಿದ. ಒಂದು ಸಲ ಅದು ಮೊಳದುದ್ದ ಕೆಳಗೆ ಜಾರಿ ನಿಂತು, ಅನ್ನದ ಪಾತ್ರೆ ಮಗುಚಿಕೊಂಡಿತು. ಅವನು ಚೆಲ್ಲಿದ ಅನ್ನವನ್ನು ಕಾಲಿನಿಂದ ಗುಂಡಿಗೆ ನೂಕಿದ. ಆಮೇಲೆ ತಾನೇ ಹೋಗಿ ಸ್ವಿಚ್ಚು ಇಳಿಸಿದ.

ಮಾರನೆಯ ವಾರ ಕಾರ್ಖಾನೆಯಲ್ಲಿ ಮುಖ್ಯಸ್ಥರು ಕೂತು ಬರೆಸಿದ ವರದಿಯಲ್ಲಿ ಗ್ರಾಹಕರ ದುರ್ಬಳಕೆ ಎಂಬ ಎರಡು ಮಾತಿತ್ತು. ಸಹಿ ಹಾಕುವುದಿಲ್ಲ ಎಂದೆ.

"ಎಣ್ಣೆ ಸುರಿಯೋದು ದುರ್ಬಳಕೆ ಅಲ್ವಾ ಮ್ಯಾಡಮ್?"

"ಹೌದು ಸರ್. ಆದರೆ ಸುರೀತಾರೆ. ಇನ್ನೊಂದು ಛತ್ರದಲ್ಲೂ ಸುರೀತಾರೆ."

"ಇಲಿಗೂ ನಾವು ಡಿಸೈನ್ ಮಾಡೋಕಾಗುತ್ತಾ?"

ಮನೆಯಲ್ಲಿ ಒಂದು ಡಬ್ಬದ ತುಂಬ ರಾಗಿ ಅಂಬಲಿ ಮಾಡಿ ಮೂರು ದಿನ ಬಿಸಿಲಿಗಿಟ್ಟೆ. ಕ್ಯಾಂಟೀನಿನಿಂದ ಬೋಂಡಾ ಕರಿದ ಎಣ್ಣೆ ಕೇಳಿ ತಂದೆ. ಪರೀಕ್ಷೆಯ ಯಂತ್ರಕ್ಕೆ ಹೊಸ ಬೆಲ್ಟು ಹಾಕಿಸಿ, ಕೈಗವಸು ಹಾಕಿಕೊಂಡು, ಎರಡನ್ನೂ ನಾನೇ ಬಳಿದೆ. ಯಂತ್ರ ಬಿಸಿಯಾಗುತ್ತಿದ್ದಂತೆ ವಾಸನೆ ಎ.ಸಿ.ಯ ಕೊಳವೆ ಹಿಡಿದು ಆಡಳಿತದ ಕಟ್ಟಡಕ್ಕೂ ಹೋಯಿತು. ಯಾರ ವಾಂತಿ, ಎಲ್ಲಿ ಸತ್ತ ಬೆಕ್ಕು ಎಂದು ಹುಡುಕಿಕೊಂಡು ಬಂದವರಲ್ಲಿ, ಛತ್ರದ ಯಜಮಾನನಿಗೆ ಬೇಕಾದ ಆ ದೊಡ್ಡವರೂ ಒಬ್ಬರು. ಅರ್ಧ ಭಾರಕ್ಕೇ ಬೆಲ್ಟು ಪುಲ್ಲಿಯ ಮೇಲೆ ಸಾಬೂನಿನಂತೆ ಜಾರುತ್ತಿರುವುದನ್ನು ನೋಡಿ 'ಇದೇನು' ಎಂದು ಮೂಗು ಮುಚ್ಚಿಕೊಂಡು ಕೇಳಿದರು. ಹೇಳಿದೆ. ಅವರು ಆ ಛತ್ರದಲ್ಲಿ ಎಷ್ಟು ಸಲ ಉಂಡಿದ್ದರೋ, ಅವರ ಮುಖದ ಬಣ್ಣ ಇಳಿಯಿತು. ಬೆಲ್ಟು ಬಿಚ್ಚಿಸಿ ಎಂದಷ್ಟೇ ಹೇಳಿ ಹೊರಟುಹೋದರು. ದುರ್ಬಳಕೆ ಎಂಬ ಮಾತು ವರದಿಯಲ್ಲಿ ಹಾಗೇ ಉಳಿಯಿತು. ಮುಖ್ಯಸ್ಥರೇ ಸಹಿ ಹಾಕಿದರು. ನನ್ನ ಮೇಜಿನ ಮೇಲೆ ಈಗ ಜಿಡ್ಡು ಹರಿದುಹೋಗಲೆಂದು ಗೀರು ಕೊರೆದ ಹೊದಿಕೆಯ, ಇಲಿ ಕಡಿಯದಂತೆ ಅಂಚಿಗೆ ಗಟ್ಟಿ ಪಟ್ಟಿ ಕೊಟ್ಟ ಇನ್ನೊಂದು ಬೆಲ್ಟಿನ ಚಿತ್ರವಿದೆ. ಅದನ್ನೂ ಅಂಬಲಿ ಬಳಿದೇ ಪರೀಕ್ಷಿಸುತ್ತೇನೆ ಎಂದಿದ್ದೇನೆ. ವಿಭಾಗದಲ್ಲಿ ನನ್ನ ಪಕ್ಕದ ಮೇಜು ಖಾಲಿ.

ಛತ್ರದ ಲಿಫ್ಟಿಗೆ ಹಳೆಯ ಉಕ್ಕಿನ ಹಗ್ಗ ಮರಳಿ ಬಂತು. ಕಾರ್ತೀಕದಲ್ಲಿ ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿದರು.

"ಹಗ್ಗ ಹಾಕವ್ರೆ ಕಣಮ್ಮಣ್ಣಿ. ಎಲ್ಲಾ ಹತ್ತಾಕ್ ಶುರು ಮಾಡವ್ರೆ."

"ಬಾಗಿಲಿನ ಚಮಚ ತೆಗೆದ್ರಾ?"

"ಎಲ್ಲಿ? ಅಂಗೇ ಐತೆ."

"ಗುಂಡಿ ತೊಳೆದ್ರಾ?"

"ತೊಳ್ದಂಗೇ ಇದ್ರೆ ಕೇಳೋರ್ಯಾರು?"

"ನೀವು ಹತ್ತಿದ್ರಾ ಅಕ್ಕ?"

ಬಕೆಟ್ಟು ನೆಲಕ್ಕಿಟ್ಟ ಸದ್ದಾಯಿತು. ಉಸಿರು ಕೇಳಿಸುತ್ತಿತ್ತು.

"ಇಲ್ಲ. ನಾನ್ ಮೆಟ್ಲ ಮ್ಯಾಲೇ ಇವ್ನಿ. ಮಂಡಿ ಹಿಡ್ಕಂತದೆ, ತಿರುವಿನಾಗ್ ನಿಂತ್ಕಂಡು ನಿಂಗ್ ಮಾತಾಡ್ತಾ ಇವ್ನಿ. ಇವತ್ತು ಹುರ್ಳಿಕಾಳ್ ಸಾರು. ಇವ್ರೆಲ್ಲ ನಗ್ತಾರೆ, ಹಗ್ಗಕ್ಕೂ ಹೆದ್ರುತಾಳೆ ಮುದ್ಕಿ ಅಂತ."

"ನಗ್ಲಿ ಬಿಡಿ."

"ನಗ್ಲಿ. ಆದ್ರೆ ಕ್ಯಾಳ್ತೀನಿ, ಆ ನಿನ್ ಬೆಲ್ಟು ಇನ್ನೆಲ್ಲಾನ ಹಾಕವ್ರಾ? ಜನ ಓಗೋ ಕಡೆ?"

"ಇಲ್ಲಕ್ಕ. ಎಲ್ಲೂ ಇಲ್ಲ."

"ಸರಿ ಹಂಗಾರೆ," ಎಂದರು. ಮೇಲಿಂದ ಯಾರೋ ಸಾರು, ಸಾರು ಎಂದು ಕೂಗುತ್ತಿದ್ದರು. ಅಕ್ಕ ಫೋನು ಇಡದೆಯೇ ಬಕೆಟ್ಟು ಎತ್ತಿಕೊಂಡಿರಬೇಕು. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ನನಗೇ ಬೀಳುತ್ತಿದ್ದುದು ಸ್ವಲ್ಪ ದೂರದವರೆಗೆ ಕೇಳಿಸಿತು.